ಸ್ಪಷ್ಟನೆ: ಸಾಲದ ಕಾರಣಕ್ಕೆ ಪಿಂಚಣಿ ರದ್ದಾಗಿಲ್ಲ

‘ಕೇರಳ ಸಾಲದಲ್ಲಿದೆ, ಇನ್ನು ಯಾವ ಸರ್ಕಾರಿ ನೌಕರರಿಗೂ ಪಿಂಚಣಿ ಇಲ್ಲ’ ಎಂಬ ಸಂದೇಶ ಕಾಸರಗೋಡಿನ ಕನ್ನಡ ಶಿಕ್ಷಕರ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2013ರ ಏಪ್ರಿಲ್ 1ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರಿಗೆ ಹಳೇ ಪಿಂಚಣಿಯೇ (ಸರ್ಕಾರವೇ ಪೂರ್ತಿ ಕೊಡುವುದು) ಇದೆ. ಆಮೇಲೆ ಸೇರಿದವರನ್ನು ಎನ್‌ಪಿಎಸ್‌ಗೆ, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸೇರಿಸಿದರು. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಸಂಬಳದಿಂದ ಹೋಗುತ್ತದೆ, ಸರ್ಕಾರವೂ ಪಾಲು ಹಾಕುತ್ತದೆ. ಅನುಮಾನವಿದ್ದರೆ ಸರ್ವಿಸ್ ಬುಕ್ಕಿನಲ್ಲಿ ಸೇರಿದ ತಾರೀಕು ನೋಡಿ.

2024ರ ಮಾರ್ಚ್‌ನಲ್ಲಿ ಸಂಬಳ ತಡವಾಗಿದ್ದು, ಸಂಬಳ ಬರುವ ಟ್ರೆಜರಿ (ಸರ್ಕಾರಿ ಖಜಾನೆ) ಖಾತೆಯಿಂದ ಹಣ ತೆಗೆಯಲು ದಿನಕ್ಕೆ 50,000 ರೂಪಾಯಿ ಮಿತಿ ಹಾಕಿದ್ದು ನಿಜ. ಆದರೆ ತಡವಾಗುವುದೇ ಬೇರೆ, ರದ್ದಾಗುವುದೇ ಬೇರೆ ಅಲ್ವಾ? ಪಿಂಚಣಿ ದಯೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ.

ನಿವೃತ್ತಿ ಹತ್ತಿರವಿರುವ ಮಾಷ್ಟ್ರು, ಟೀಚರ್‌ಗಳು ಸುಮ್ನೆ ಗಾಬರಿಯಾಗುತ್ತಿದ್ದಾರೆ. ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ.