ಬಂಡುಕೋರ ಸಾಹೇಬರ ಗಣಿ ಇಲಾಖೆ

ಬಂಡಾಯ ಅಂದರೆ ಕಾಡು, ಬಂದೂಕು, ಉಗ್ರ ಭಾಷಣ ಅಂದುಕೊಂಡಿದ್ದೀರಾ? ಹಾಗಾದರೆ ನೀವು ತುಂಬಾ ಹಿಂದೆ ಉಳಿದಿದ್ದೀರಿ.

ಪೂರ್ವ ಕಾಂಗೋದ ಎಂ23 ಅನ್ನುವ ಬಂಡುಕೋರ ಗುಂಪನ್ನೇ ನೋಡಿ. 2024ರ ಏಪ್ರಿಲ್‌ನಲ್ಲಿ ಇವರು ರುಬಾಯಾ ಊರನ್ನು ವಶಕ್ಕೆ ತೆಗೆದುಕೊಂಡರು. ಜಗತ್ತಿನ ಕೋಲ್ಟಾನ್ ಅದಿರಿನಲ್ಲಿ ಸುಮಾರು ಶೇ 15ರಷ್ಟು ಅಲ್ಲಿನ ಗುಡ್ಡಗಳಿಂದಲೇ ಬರುತ್ತದೆ. ಫೋನಿನೊಳಗೆ ವಿದ್ಯುತ್ ಹಿಡಿದಿಡುವ ಪುಟಾಣಿ ಕೆಪಾಸಿಟರ್‌ಗೆ ಬೇಕಾದ ಟ್ಯಾಂಟಲಮ್ ಲೋಹ ಇರುವುದು ಇದರಲ್ಲೇ. ಊರು ಕೈಗೆ ಬಂದ ಮೇಲೆ ಇವರು ಮಾಡಿದ್ದೇನು? ಕ್ರಾಂತಿಯಾ? ಛೆ, ಬಿಡಿ. ಗಣಿ ಸಚಿವಾಲಯ ತೆರೆದರು!

ಅಗೆಯುವವರಿಗೆ ಪರವಾನಗಿ. ವ್ಯಾಪಾರಿಗಳಿಗೂ ಪರವಾನಗಿ. ಕಿಲೋಗೆ 7 ಡಾಲರ್ ತೆರಿಗೆ. ವಿಶ್ವಸಂಸ್ಥೆಯ ತಜ್ಞರ ಲೆಕ್ಕದಲ್ಲಿ ತಿಂಗಳಿಗೆ ಕನಿಷ್ಠ 8 ಲಕ್ಷ ಡಾಲರ್ ವಸೂಲಿ. ಕೆಲಸಗಾರರು ಓಡಿಹೋಗಬಾರದಲ್ಲ, ಅದಕ್ಕೆ ಕೂಲಿಯನ್ನೂ ದುಪ್ಪಟ್ಟು ಮಾಡಿದರು. ಲಾರಿಗಳಿಗೆ ದಾರಿ ಸಾಲದು ಅನ್ನಿಸಿದಾಗ ರಸ್ತೆ ಅಗಲೀಕರಣವೂ ಆಯಿತು. ಟೆಂಡರ್ ಇಲ್ಲ, ಬಿಲ್ ಪಾಸಾಗುವ ತಲೆನೋವಿಲ್ಲ. ಊರವರನ್ನು ಹಿಡಿದು ತಂದು ಬಿಟ್ಟಿ ದುಡಿಸಿದರೆ ಮುಗೀತು. ಸರ್ಕಾರದ ವಿರುದ್ಧ ಎದ್ದವರು ಸರ್ಕಾರದ ಕೆಲಸವನ್ನು ಇಷ್ಟು ಬೇಗ ಕಲಿತದ್ದು ಮೆಚ್ಚಬೇಕಾದ್ದೇ.

ಅದೇ ತಜ್ಞರ ಪ್ರಕಾರ, ತಿಂಗಳಿಗೆ ಕನಿಷ್ಠ 120 ಟನ್ ಅದಿರು ಗಡಿ ದಾಟಿ ರುವಾಂಡಾ ಸೇರಿತು. ಅಲ್ಲಿನ ಅದಿರಿನ ಜೊತೆ ಬೆರೆತ ಮೇಲೆ ಅದರ ಪಾಪವೆಲ್ಲ ಕಳೆಯಿತು. ರುವಾಂಡಾ ಮಾತ್ರ ‘ನಮಗೂ ಇದಕ್ಕೂ ಸಂಬಂಧವಿಲ್ಲ’ ಅನ್ನುತ್ತದೆ. ಯುರೋಪಿಯನ್ ಒಕ್ಕೂಟದ ಮುಹೂರ್ತ ನೋಡಿ: ರುಬಾಯಾ ಬೀಳುವುದಕ್ಕೆ ಎರಡು ತಿಂಗಳ ಮೊದಲು, ಅಂದರೆ 2024ರ ಫೆಬ್ರುವರಿಯಲ್ಲಿ, ಇದೇ ರುವಾಂಡಾ ಜೊತೆ ‘ಸುಸ್ಥಿರ’ ಖನಿಜ ಪೂರೈಕೆಗೆ ಒಡಂಬಡಿಕೆ ಮಾಡಿಕೊಂಡಿತ್ತು. ಎಂ23ರ ಬೆನ್ನಿಗೆ ಇದೇ ರುವಾಂಡಾ ಇದೆ ಅಂತ ವಿಶ್ವಸಂಸ್ಥೆಯ ವರದಿಗಳು ಅದಕ್ಕೂ ಮೊದಲೇ ಬರೆದಿದ್ದವು. ಪಾಪ, ಓದಲು ಪುರುಸೊತ್ತಾಗಿರಲಿಕ್ಕಿಲ್ಲ.

ಅಮೆರಿಕದ ದಾರಿ ಇನ್ನೂ ಸೊಗಸು. ಕಾಂಗೋ ಕಡೆಯ ಖನಿಜದ ಬಗ್ಗೆ 2010ರಲ್ಲೇ ಕಾನೂನು ಮಾಡಿದೆ. ಕೊಳ್ಳಬೇಡಿ ಅಂತ ಅದು ಹೇಳುವುದಿಲ್ಲ. ವಿಚಾರಿಸಿ, ವರದಿ ಕೊಡಿ ಅನ್ನುತ್ತದೆ, ಅಷ್ಟೇ. ಕಂಪನಿಗಳು ವರ್ಷ ವರ್ಷವೂ ಶ್ರದ್ಧೆಯಿಂದ ವಿಚಾರಿಸುತ್ತವೆ. ‘ನಮ್ಮ ಖನಿಜ ಎಲ್ಲಿಂದ ಬಂತೋ ಖಚಿತವಾಗಿ ತಿಳಿಯಲಿಲ್ಲ’ ಅಂತ ಹಲವು ಕಂಪನಿಗಳು ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತವೆ.

ಇಷ್ಟೊಂದು ಕಷ್ಟ ಯಾಕೆ? ಎಂ23 ಸಚಿವಾಲಯಕ್ಕೇ ಒಂದು ಅರ್ಜಿ ಹಾಕಬಹುದಿತ್ತು, ಅಲ್ವಾ? ಅವರು ಕಿಲೋ ಲೆಕ್ಕದಲ್ಲಿ ತೆರಿಗೆ ಹಿಡಿದವರು.