ಸಹಜವಾಗಿರಲು ತರಬೇತಿ, ಜಿಎಸ್‌ಟಿ ಪ್ರತ್ಯೇಕ

ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಕರಗುತ್ತಿದ್ದಂತೆ ದಾವಣಗೆರೆಯಲ್ಲಿ ಇನ್ನೊಂದು ಫಸಲು ಕೊಯ್ಲಿಗೆ ಬರುತ್ತದೆ. ನವೆಂಬರ್ ಕೊನೆಯಲ್ಲಿ ಎಂಬಿಎ ಸೀಟಿಗೆಂದು ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದ ಮಕ್ಕಳಿಗೆ ಹೊಸ ವರ್ಷದ ಹೊತ್ತಿಗೆ ಮ್ಯಾನೇಜ್‌ಮೆಂಟ್ ಶಾಲೆಗಳಿಂದ ಸಂದರ್ಶನದ ಕರೆ, ಅಂದರೆ ‘ಕಾಲ್’ ಬರತೊಡಗುತ್ತದೆ. 120 ನಿಮಿಷದ ಪರೀಕ್ಷೆ, ಮೂರು ಭಾಗ, ತಪ್ಪು ಟಿಕ್ಕಿಗೆ ಒಂದು ಅಂಕ ಖೋತಾ, ಅದೆಲ್ಲ ಮುಗಿದ ಕಥೆ. ಇನ್ನು ಉಳಿದಿರುವುದು ಸಂದರ್ಶನ ಮತ್ತು ಬರವಣಿಗೆ ಪರೀಕ್ಷೆ. ಲೆಕ್ಕ ಬಂದರೆ ಸಾಲದು, ಎದುರಿಗೆ ಕೂತವನು ಎಂಥವನು ಎಂದು ನೋಡಬೇಕು ಅನ್ನುವುದು ಆ ಶಾಲೆಗಳ ಆಸೆ. ತಪ್ಪೇನಿಲ್ಲ. ಆದರೆ ಹುಡುಗ ತಾನು ಎಂಥವನೋ ಹಾಗೇ ಹೋಗಿ ಕೂತುಬಿಟ್ಟರೆ ವಿದ್ಯಾನಗರ, ಪಿ.ಜೆ. ಬಡಾವಣೆಯ ಕೋಚಿಂಗ್‌ನವರು ಬಾಡಿಗೆ ಕಟ್ಟುವುದು ಹೇಗೆ?

ಹಾಗಾಗಿ ಕಂಬಕ್ಕೊಂದು ಫ್ಲೆಕ್ಸ್: ‘ಸಂದರ್ಶನದಲ್ಲಿ ಸಹಜವಾಗಿರುವುದು ಹೇಗೆ? ವಿಶೇಷ ತರಬೇತಿ. ಕೆಲವೇ ಸೀಟುಗಳು.’ ಹುಟ್ಟಿದಾಗಿನಿಂದ ಪುಕ್ಕಟೆಯಾಗಿ ಸಹಜವಾಗಿದ್ದ ಹುಡುಗ ಈಗ ದುಡ್ಡು ಕೊಟ್ಟು ಅದನ್ನು ಕಲಿಯಬೇಕು. ಕೋಚಿಂಗಿಗೆ ಶೇ 18ರ ಜಿಎಸ್‌ಟಿ ಬೇರೆ. ಚಿನ್ನಕ್ಕೆ ಶೇ 3, ಸಹಜತೆಗೆ ಶೇ 18. ಈ ಕಾಲದಲ್ಲಿ ಯಾವುದು ಹೆಚ್ಚು ಅಪರೂಪ ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ.

ಮೊದಲ ದಿನವೇ ಅಲ್ಲಿ ಒಂದು ಫೈಲು ಕೊಡುತ್ತಾರೆ. ನಿಮ್ಮ ಬಗ್ಗೆ ಹೇಳಿ, ಎಂಬಿಎ ಯಾಕೆ, ಐದು ವರ್ಷ ಕಳೆದು ಎಲ್ಲಿರುತ್ತೀರಿ, ನಿಮ್ಮ ದೌರ್ಬಲ್ಯ ಯಾವುದು. ಪ್ರಶ್ನೆಯ ಕೆಳಗೇ ಉತ್ತರ. ದೌರ್ಬಲ್ಯಕ್ಕೆ ಬರೆದಿರುವುದು ಇಷ್ಟು: ‘ಮಾಡಿದ ಕೆಲಸ ಅಚ್ಚುಕಟ್ಟಾಗುವವರೆಗೂ ನನಗೆ ಸಮಾಧಾನವಿಲ್ಲ.’ ಇಡೀ ಬ್ಯಾಚಿಗೆ ಇದೊಂದೇ ದೌರ್ಬಲ್ಯ. ಗಾಡಿ ನಡುರಸ್ತೆಯಲ್ಲಿ ನಿಂತ ಮೇಲೆ ಪೆಟ್ರೋಲ್ ಬಂಕ್ ನೆನಪಾಗುವವನಿಗೂ ಅದೇ, ಅಮ್ಮ ನಾಲ್ಕು ಸಲ ಕೂಗಿದರೂ ಹಾಸಿಗೆ ಮಡಚದವಳಿಗೂ ಅದೇ.

ಹವ್ಯಾಸ ಕೇಳುತ್ತಾರಂತೆ. ನಿಜ ಹೇಳಿದರೆ ಮೊಬೈಲು, ಐಪಿಎಲ್ಲು, ಸಂಜೆಗೆ ಮಿರ್ಚಿ ಮಂಡಕ್ಕಿ. ಫೈಲಿನ ಪ್ರಕಾರ ಟ್ರೆಕ್ಕಿಂಗ್. ಅದಕ್ಕೆಂದೇ ಒಂದು ಭಾನುವಾರ ಬ್ಯಾಚೆಲ್ಲ ಚಿತ್ರದುರ್ಗಕ್ಕೆ ಹೋಗಿ, ಏಳು ಸುತ್ತಿನ ಕೋಟೆಯಲ್ಲಿ ಎರಡು ಸುತ್ತು ಹತ್ತಿ, ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂತು. ಓಬವ್ವನಿಂದ ಕಲಿತದ್ದೇನು ಎಂಬುದಕ್ಕೂ ಉತ್ತರ ಸಿದ್ಧವಿತ್ತು: ಸೀಮಿತ ಸಂಪನ್ಮೂಲದಲ್ಲಿ ನಾಯಕತ್ವ. ಗಂಡನನ್ನು ಊಟಕ್ಕೆ ಕೂರಿಸಿ ನೀರಿಗೆ ಹೋದ ಹೆಂಗಸು, ಕೈಗೆ ಸಿಕ್ಕಿದ್ದು ಒನಕೆ, ಹಿಡಿದು ನಿಂತಳು. ಐದು ವರ್ಷ ಕಳೆದು ಎಲ್ಲಿರುತ್ತೀಯಮ್ಮ ಎಂದು ಪುಣ್ಯಕ್ಕೆ ಅವಳನ್ನು ಯಾರೂ ಕೇಳಲಿಲ್ಲ. ಮುಂದಿನ ಭಾನುವಾರ ಸಮಾಜಸೇವೆ. ಕುಂದವಾಡ ಕೆರೆ ಏರಿಯ ಮೇಲೆ ಗ್ಲೌಸ್ ತೊಟ್ಟು ನಾಲ್ಕು ಬಾಟಲಿ ಎತ್ತಿದರು, ನಲವತ್ತು ಫೋಟೋ ಆದವು. ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ‘ಆ ಕಡೆ ಇನ್ನೂ ಬಿದ್ದಾವಪ್ಪ’ ಎಂದು ತೋರಿಸಿದರೆ, ‘ಬೆಳಕು ಈ ಕಡೆ ಚೆನ್ನಾಗೈತೆ ಅಂಕಲ್’ ಅಂದರಂತೆ.

ಕೆಲವು ಶಾಲೆಗಳು ಬದುಕಿನ ಮಹತ್ವದ ತಿರುವಿನ ಬಗ್ಗೆಯೂ ಬರೆದು ಕಳಿಸಿ ಅನ್ನುತ್ತವೆ. ಇಪ್ಪತ್ತೆರಡು ವರ್ಷದವನ ಬದುಕಿನಲ್ಲಿ ಹದಡಿ ರಸ್ತೆಯ ತಿರುವು ಬಿಟ್ಟರೆ ಇನ್ಯಾವ ತಿರುವು ಇರಬೇಕು? ನನ್ನ ಅಕ್ಕನ ಮಗ ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯನ್ನೇ ಕೇಳಿದ. ಅದು ಅರೆಕ್ಷಣವೂ ತಡಮಾಡದೆ, ಅಜ್ಜಿಯ ಸಾವು ತನ್ನನ್ನು ಹೇಗೆ ಗಟ್ಟಿಗೊಳಿಸಿತು ಎಂದು ಕರುಳು ಕಿವುಚುವ ಹಾಗೆ ಒಂದು ಪುಟ ಬರೆದುಕೊಟ್ಟಿತು. ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ಹುಡುಗ ಅದನ್ನು ಕನ್ನಡದಲ್ಲಿ ಹೇಳಿದ. ಅಜ್ಜಿ ಸುಲಿಯುವುದನ್ನು ನಿಲ್ಲಿಸದೆ, ‘ಯಾವ ಕಾಯ್ಲೇಲಿ ಹೋದೆ ಅಂತ ಬರ್ದೈತಪ್ಪಾ?’ ಎಂದು ಕೇಳಿತು. ಆ ಪುಟ ಹಾಗೇ ಹೋಯಿತು. ಅಜ್ಜಿ ಹಾಗೇ ಇದೆ.

ಈ ಹುಡುಗನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಭಾವನದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ರಜೆ ಬಂದರೆ ಇವನು ಅಲ್ಲೇ. ಭಾವ ಮೆಕ್ಕೆಜೋಳದ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಅಡಿಯಿಂದ ಒಂದು ಹಿಡಿ ತೆಗೆದು, ಒಂದು ಕಾಳನ್ನು ದವಡೆಯ ಹಲ್ಲಿಗೆ ಕೊಟ್ಟು ಕಟ್ ಅನ್ನಿಸಿ ‘ಹದಿನೇಳೈತೆ’ ಅನ್ನುತ್ತಾರೆ. ಆಮೇಲೆ ತೇವ ಅಳೆಯುವ ಮೀಟರ್ ಹಾಕಿದರೆ ಶೇ ಹದಿನಾರೂ ಚಿಲ್ಲರೆ. ಹದಿನಾಲ್ಕರ ಮೇಲೆ ತೇವ ಇದ್ದರೆ ಬೂಸ್ಟು ಹಿಡಿಯುವ ಭಯ, ಕೋಳಿ ಆಹಾರದ ಫ್ಯಾಕ್ಟರಿಯವರು ದರ ಕಡಿಯುತ್ತಾರೆ. ಯಾವ ರೈತನಿಗೆ ಮುಂಗಡ ಕೊಡಬಹುದು, ಯಾವ ಖರೀದಿದಾರನ ಚೆಕ್ಕು ಬ್ಯಾಂಕಿಗೆ ಹೋಗಿ ತಿರುಗಿ ಬರುತ್ತದೆ, ಬಾಡ ಊರಿನ ಕಡೆ ಮೋಡ ಕಟ್ಟಿದರೆ ಎಷ್ಟು ಹೊತ್ತಿನೊಳಗೆ ರಾಶಿಗೆ ತಾಡಪಾಲು ಹೊದಿಸಬೇಕು, ಎಲ್ಲ ಇವನಿಗೆ ಗೊತ್ತು. ವ್ಯವಹಾರ ಕಲಿಸುವ ಶಾಲೆಗೆ ಹೋಗುವವನಲ್ಲಿ ಇದಕ್ಕಿಂತ ಬೇರೇನು ಇರಬೇಕು ಎಂದು ನನ್ನಂಥ ದಡ್ಡರು ಅಂದುಕೊಳ್ಳುತ್ತೇವೆ.

ಕೋಚಿಂಗ್‌ನವರು ಕೇಳಿಸಿಕೊಂಡು ಮುಖ ಹುಳ್ಳಗೆ ಮಾಡಿದರಂತೆ. ದಲಾಲಿ ಅಂಗಡಿ ಅನ್ನಬೇಡ, ಕಾಳು ಕಚ್ಚಿದ್ದಂತೂ ಬೇಡವೇ ಬೇಡ. ‘ಕೃಷಿ ಸರಕಿನ ಪೂರೈಕೆ ಸರಪಳಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್’ ಎಂದು ಬರೆಸಿದರು. ಅದಕ್ಕೊಂದು ಪ್ರಮಾಣಪತ್ರ ಬೇಕು. ನೆತ್ತಿಯ ಮೇಲೆ ‘ಶ್ರೀ ದುರ್ಗಾಂಬಿಕಾ ಪ್ರಸನ್ನ’ ಎಂದಿರುವ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ, ‘ಈ ಅಭ್ಯರ್ಥಿ ನಮ್ಮ ಸಂಸ್ಥೆಗೆ ಅಪರಿಚಿತನಾಗಿದ್ದರೂ ಅತ್ಯುತ್ತಮವಾಗಿ ಕಾರ್ಯನಿರ್ವಹಿಸಿದ್ದಾನೆ’ ಎಂಬ ಒಕ್ಕಣೆಗೆ ಭಾವ ರುಜು ಹಾಕಿದರು. ಮಗನಿಗೆ ಅಪ್ಪ ಅಪರಿಚಿತನಾದದ್ದು ಮದುವೆಯಾದ ಮೇಲೆ ಅಲ್ಲ, ಮದುವೆಗೆ ಮೊದಲೇ ಎಂಬುದಷ್ಟೇ ಇಲ್ಲಿನ ಹೊಸತು.

ಮನೆಯಲ್ಲೂ ಅಣಕು ಸಂದರ್ಶನ ನಡೆಯಿತು. ನಾನು, ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಮೇಲಿನ ಮಹಡಿಯ ವಿಮಾ ಏಜೆಂಟರು. ನಾನು ಪೇಪರಿನಲ್ಲಿ ಬರೆಯುತ್ತೇನೆ ಎಂಬುದೊಂದೇ ನನ್ನ ಅರ್ಹತೆ. ಹುಡುಗ ಟೈ ಕಟ್ಟಿಕೊಂಡು, ತನ್ನ ಮನೆಯ ಬಾಗಿಲನ್ನೇ ತಟ್ಟಿ, ‘ಒಳಗೆ ಬರಬಹುದಾ ಸರ್’ ಎಂದು ಕೇಳಿ ನಡುಮನೆಗೆ ಬಂದ.

ಊರಿನ ವಿಶೇಷ ಹೇಳು ಅಂದೆವು. ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, 2016ರ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ ಇಪ್ಪತ್ತರಲ್ಲಿ ಒಂದು ಎಂದು ಉಸಿರು ಬಿಡದೆ ಒಪ್ಪಿಸಿದ. ‘ಮಿಲ್ಲುಗಳು ಯಾಕೆ ಮುಚ್ಚಿದ್ವಪ್ಪ?’ ಎಂದರು ಮ್ಯಾನೇಜರು. ಫೈಲಿನಲ್ಲಿ ಅದು ಇರಲಿಲ್ಲ. ಇವನ ಸ್ವಂತ ತಾತ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡಿ, ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಕೂತವರು. ಆ ಕಥೆ ನೂರು ಸಲ ಕೇಳಿದ್ದಾನೆ. ಆದರೂ ‘ಜಾಗತಿಕ ಸ್ಪರ್ಧೆ ಸರ್’ ಅಂದ. ನಾನು ಬೆಣ್ಣೆದೋಸೆಗೆ ಬಂದೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುವುದು, ಸೌದೆ ಒಲೆಯ ಮೇಲಿನ ಕಾವಲಿ, ಮಗುಚಿದ ಮೇಲೆ ಅಂಚಿಗೆ ಬೀಳುವ ಇನ್ನೊಂದು ಉಂಡೆ ಬೆಣ್ಣೆ, ಇದನ್ನೆಲ್ಲ ಕಾವಲಿಯ ಹತ್ತಿರವೇ ನಿಂತು, ಹೊಗೆಗೆ ಕಣ್ಣುಜ್ಜಿಕೊಂಡು ನೋಡಿದವನು ಇವನು. ಬ್ರ್ಯಾಂಡು, ಗ್ರಾಹಕ ಅನುಭವ, ವಿಸ್ತರಣೆಯ ಅವಕಾಶ ಎಂದು ಬಹಳ ಹೊತ್ತು ಮಾತಾಡಿದ. ಬೆಣ್ಣೆ ಎಂಬ ಮಾತು ಮಾತ್ರ ಒಂದು ಸಲವೂ ಬರಲಿಲ್ಲ.

ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ ಕೇಳಿದರೆ ಥಟ್ಟನೆ ಹೇಳಿದ. ಅಂಗಡಿಯ ಓವರ್‌ಡ್ರಾಫ್ಟಿನ ಬಡ್ಡಿಯೂ ಅವನಿಗೆ ಗೊತ್ತು, ಅದನ್ನು ಹೇಳಬಾರದಂತೆ. ವಿಮಾ ಏಜೆಂಟರು ಕೊನೆಗೆ, ‘ಅಪಾಯ ಅಂದ್ರೆ ಏನು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಭಾವನ ಕಡೆ ತಿರುಗಿ ಒಂದು ಪಾಲಿಸಿಯ ವಿವರ ಬಿಚ್ಚಿದರು. ಅಂದು ಆ ಮನೆಯಲ್ಲಿ ಸಹಜವಾಗಿದ್ದವರು ಅವರೊಬ್ಬರೇ.

ಬರವಣಿಗೆ ಪರೀಕ್ಷೆಯದು ಇನ್ನೂ ಸ್ವಾರಸ್ಯ. ಮೊದಲು ಗುಂಪು ಚರ್ಚೆ ಅಂತಿತ್ತು. ಹತ್ತು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಹತ್ತೂ ಜನ ಒಟ್ಟಿಗೇ ಮಾತಾಡುತ್ತಿದ್ದರು. ನಮ್ಮ ಪಾಲಿಕೆ ಸಭೆಗೆ ಅದು ತಕ್ಕ ತರಬೇತಿಯೇ ಆಗಿತ್ತು, ಆದರೆ 2010ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಶಾಲೆಗಳಾದ ಐಐಎಂಗಳಲ್ಲಿ ಬಹುಪಾಲು ಅದನ್ನು ಕೈಬಿಟ್ಟು ಪೆನ್ನು ಕಾಗದ ಕೊಟ್ಟವು. ಒಂದು ವಿಷಯ, ಹದಿನೈದರಿಂದ ಮೂವತ್ತು ನಿಮಿಷ, ನಿನ್ನ ಯೋಚನೆ ಏನು ಬರಿ. ಕಿರುಚುವವನ ಬದಲು ಯೋಚಿಸುವವನು ಸಿಗಲಿ ಎಂಬ ಒಳ್ಳೆಯ ಉದ್ದೇಶ. ಕೋಚಿಂಗ್‌ನವರು ಅದಕ್ಕೂ ಒಂದು ಅಚ್ಚು ಎರೆದರು. ಮೊದಲ ಪ್ಯಾರಾದಲ್ಲಿ ವಿಷಯ ಬಹಳ ಮುಖ್ಯ ಅನ್ನು, ಎರಡರಲ್ಲಿ ಲಾಭ, ಮೂರರಲ್ಲಿ ನಷ್ಟ, ನಾಲ್ಕರಲ್ಲಿ ಸಮತೋಲನ. ವಿಷಯ ಕ್ರಿಪ್ಟೊ ಆಗಲಿ, ಮೀಸಲಾತಿ ಆಗಲಿ, ಕೃತಕ ಬುದ್ಧಿಮತ್ತೆ ಆಗಲಿ, ನಾಲ್ಕನೆಯ ಪ್ಯಾರಾ ಬದಲಾಗುವುದಿಲ್ಲ.

ಇದನ್ನು ಪರೀಕ್ಷಿಸಿಯೇ ಬಿಡೋಣ ಎಂದು, ದಶಕಗಟ್ಟಲೆ ಊರನ್ನು ಕಾಡಿದ ಅಶೋಕ ರಸ್ತೆಯ ರೈಲ್ವೆ ಗೇಟಿನ ಬಗ್ಗೆ ಬರಿ ಅಂದೆ. ಆ ಗೇಟಿನಲ್ಲಿ ನಿಂತೇ ಅರ್ಧ ಬಾಲ್ಯ ಕಳೆದವನು ಬರೆದ: ‘ರೈಲ್ವೆ ಗೇಟು ಎರಡಲಗಿನ ಕತ್ತಿ. ಒಂದು ಕಡೆ ರೈಲಿಗೆ ದಾರಿ ಬೇಕು, ಇನ್ನೊಂದು ಕಡೆ ಜನರಿಗೂ ದಾರಿ ಬೇಕು. ಸಂಬಂಧಪಟ್ಟ ಎಲ್ಲರನ್ನೂ ಒಳಗೊಂಡ ಸಮತೋಲಿತ ಕ್ರಮವೇ ಇಂದಿನ ಅಗತ್ಯ.’

‘ಹಂಗಾದ್ರೆ ಗೇಟ್ ಅರ್ಧ ಎತ್ಬೇಕೇನ್ಲೇ?’ ಎಂದೆ.

‘ಮಾವ, ಯಾವ್ದಾದ್ರೂ ಒಂದ್ ಕಡೆ ನಿಂತ್ರೆ ಮಾರ್ಕ್ಸ್ ಹೋಗ್ತಾವಂತೆ.’

ಆ ಗೇಟಿನಲ್ಲಿ ಎರಡೂ ಕಡೆ ನಿಂತದ್ದು ನಮ್ಮೂರ ಜನರೇ, ಮಾರ್ಕ್ಸ್ ಯಾರಿಗೂ ಬರಲಿಲ್ಲ.

ಹುಡುಗನಿಗೆ ಬಂದದ್ದು 99 ಪರ್ಸೆಂಟೈಲ್. ಅಜ್ಜಿ ಅದನ್ನು ನೂರಕ್ಕೆ ತೊಂಬತ್ತೊಂಬತ್ತು ಎಂದು ತಿಳಿದು ದುಗ್ಗಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿತು. ಮೂರು ಲಕ್ಷದ ಹತ್ತಿರ ಜನ ಅರ್ಜಿ ಹಾಕುವ ಪರೀಕ್ಷೆಯಲ್ಲಿ ಅದರರ್ಥ ಇನ್ನೂ ಎರಡು ಮೂರು ಸಾವಿರ ಜನ ಇವನ ಮುಂದಿದ್ದಾರೆ ಎಂದು ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. ಹೆಸರುವಾಸಿ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ದಾಟಿದೆ ಎಂಬುದನ್ನು ಭಾವ ಒಮ್ಮೆಗೇ ಕ್ವಿಂಟಲ್‌ಗೆ ಹಾಕಿ ಲೆಕ್ಕ ಮಾಡಿ, ಲೆಕ್ಕ ಬರೆದ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡರು.

ವಂದೇ ಭಾರತ್ ರೈಲು ಹತ್ತಿ ಬೆಂಗಳೂರಿಗೆ ಹೋದ. ಮರುದಿನ ಸಂದರ್ಶನ. ಇಬ್ಬರು ಪ್ರಾಧ್ಯಾಪಕರು. ಅವರಲ್ಲೊಬ್ಬರಿಗೆ ಕೃಷಿ ಮಾರುಕಟ್ಟೆಯಲ್ಲಿ ಆಸಕ್ತಿ ಇತ್ತೆಂದು ಕಾಣುತ್ತದೆ, ಇಂಟರ್ನ್‌ಶಿಪ್ಪಿನ ಸಾಲಿನ ಮೇಲೆ ಬೆರಳಿಟ್ಟು, ಮೆಕ್ಕೆಜೋಳದಲ್ಲಿ ತೇವ ಎಷ್ಟಿದ್ದರೆ ಖರೀದಿದಾರ ಬೇಡ ಅನ್ನುತ್ತಾನೆ ಎಂದು ಕೇಳಿದರು. ಹುಟ್ಟಿದಾಗಿನಿಂದ ತಯಾರಾಗಿದ್ದ ಪ್ರಶ್ನೆ. ಹುಡುಗ ಬೆನ್ನು ನೇರ ಮಾಡಿ, ಮುಗುಳ್ನಕ್ಕು, ಅದು ಹಲವು ಅಂಶಗಳನ್ನು ಅವಲಂಬಿಸಿದೆ ಅಂದ. ಅಂದಾಜು ಹೇಳಿ ಅಂದರು. ಎಲ್ಲ ಸಂಬಂಧಪಟ್ಟವರ ಜೊತೆ ಸಮಾಲೋಚಿಸಬೇಕಾಗುತ್ತದೆ ಅಂದ. ಅವರು ನೀರು ಕುಡಿದು ಮುಂದಿನ ಪ್ರಶ್ನೆಗೆ ಹೋದರು.

‘ಹದಿನಾಲ್ಕು ಅನ್ನಾಕೆ ಏನ್ ರೋಗ ಬಂದಿತ್ತಲೇ ನಿಂಗೆ?’ ಭಾವ ಆ ದಿನ ಊಟ ಮಾಡಲಿಲ್ಲ.

ಸೀಟು ಸಿಗಲಿಲ್ಲ. ಕೋಚಿಂಗ್‌ನವರಿಗೆ ಅದರಿಂದ ನಷ್ಟವೇನೂ ಇಲ್ಲ. ‘ಕಾಲ್ ಪಡೆದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’ ಎಂಬ ಫ್ಲೆಕ್ಸಿನಲ್ಲಿ ಇವನ ಟೈ ಕಟ್ಟಿದ ಮುಖ ಜನವರಿಯಲ್ಲೇ ಏರಿ ಕೂತಿತ್ತು, ಇಳಿಸುವ ಗೋಜಿಗೆ ಯಾರೂ ಹೋಗಿಲ್ಲ. ಮೊನ್ನೆ ಅಲ್ಲಿಂದಲೇ ಫೋನು ಬಂತು. ಮುಂದಿನ ಬ್ಯಾಚಿಗೆ ಮೆಂಟರ್ ಆಗಿ ಬರಬೇಕಂತೆ. ಐಐಎಂ ಸಂದರ್ಶನವನ್ನು ಕಣ್ಣಾರೆ ಕಂಡವರು ಊರಲ್ಲಿ ಕಡಿಮೆ, ಸಹಜವಾಗಿ ಉತ್ತರಿಸುವುದು ಹೇಗೆ ಎಂದು ಮಕ್ಕಳಿಗೆ ಹೇಳಿಕೊಡಬೇಕು.

ಹುಡುಗ ಅಪ್ಪನನ್ನು ಕೇಳಲು ಅಂಗಡಿಗೆ ಹೋದ. ಭಾವ ತೂಕದ ಚೀಟಿಯಿಂದ ಕಣ್ಣೆತ್ತಲಿಲ್ಲ.

‘ತಿಂಗ್ಳಿಗೋ, ಬ್ಯಾಚಿಗೋ ಕೇಳ್ಕೊ. ಅರ್ಧ ದುಡ್ಡು ಮೊದ್ಲೇ ಇಸ್ಕೊ. ಅವ್ರ ಹತ್ರ ಉದ್ರಿ ಮಾತ್ರ ಬ್ಯಾಡ.’