ಎಕರೆಗೆ ಎಷ್ಟು ಗಿಡ ಮಾರಾಯ?

ಮಕ್ಕಳ ಗಣಿತದ ಹೋಂವರ್ಕನ್ನು ಟೀಚರಿಗೆ ಒಪ್ಪಿಸುವ ಮೊದಲು ಮನೆಯ ಅಜ್ಜಿಗೆ ಒಮ್ಮೆ ಓದಿ ಹೇಳಬೇಕು ಅನ್ನೋದು ನನ್ನ ವಾದ. ಅಜ್ಜಿಗೆ ಭಾಗಾಕಾರ ಬರಲೇಬೇಕು ಅಂತೇನಿಲ್ಲ.

ತೀರ್ಥಹಳ್ಳಿ ಹತ್ತಿರದ ನೆಂಟರ ಮನೆ ಜಗಲಿಯಲ್ಲಿ ಮಾಣಿಯೊಬ್ಬ ಲೆಕ್ಕ ಮಾಡುತ್ತಿದ್ದ. ಒಂದು ಎಕರೆ, ಅಂದರೆ 43,560 ಚದರ ಅಡಿ. ಗಿಡದಿಂದ ಗಿಡಕ್ಕೂ ಸಾಲಿನಿಂದ ಸಾಲಿಗೂ 9 ಅಡಿ ಬಿಟ್ಟು ಅಡಿಕೆ ಸಸಿ ನೆಡಬೇಕು. ಸಸಿಗೆ 40 ರೂಪಾಯಿ. ಒಟ್ಟು ಖರ್ಚೆಷ್ಟು? ಮಾಣಿ 9ರಿಂದ ಭಾಗಿಸಿದ, 4,840 ಬಂತು. 40ರಿಂದ ಗುಣಿಸಿದ, 1,93,600. ಶೇಷ ಇಲ್ಲ, ಚಿತ್ತಿಲ್ಲ. ಗಟ್ಟಿಯಾಗಿ ಓದಿ, ಕೆಳಗೆ ಎರಡು ಗೆರೆ ಎಳೆದ.

ಅಡಿಕೆ ಸುಲಿಯುತ್ತಿದ್ದ ಅಜ್ಜಿ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳಿದರು: "ಎಕರೆಗೆ ಐದು ಸಾವಿರ ಗಿಡವಾ? ಅಡಿಕೆ ಕೊನೆ ತೆಗೆಯೋಕೆ ಒಳಗೆ ಹೋಗೋದು ಹ್ಯಾಂಗೋ ಮಾರಾಯ?"

ಒಂದು ಸಸಿಗೆ 9ಕ್ಕೆ 9, ಅಂದರೆ 81 ಚದರ ಅಡಿ ಬೇಕು. ಮಾಣಿ ಒಂದೇ ಸಲ ಭಾಗಿಸಿ ಎದ್ದಿದ್ದ. 40,000ಕ್ಕೆ 80 ಅಂದುಕೊಂಡರೆ ಬಾಯಲ್ಲೇ 500 ಬರುತ್ತೆ. ಸರಿಯಾಗಿ ಮಾಡಿದರೆ 538ರ ಹತ್ತಿರ. ಖರ್ಚು ಇಪ್ಪತ್ತೊಂದೂವರೆ ಸಾವಿರದ ಆಸುಪಾಸು.

ಅಜ್ಜಿ ಹಿಡಿದದ್ದು ಮಧ್ಯದ ಸಂಖ್ಯೆಯನ್ನು, ಗಮನಿಸಿ. ಬರೀ "ಎರಡು ಲಕ್ಷ ಖರ್ಚು" ಅಂತ ಕೇಳಿದ್ದರೆ "ಈಗೆಲ್ಲ ಅಷ್ಟಾಗುತ್ತೆ ಬಿಡು" ಅಂತ ಸುಮ್ಮನಾಗುತ್ತಿದ್ದರೋ ಏನೋ. ರೇಟು ದಿನಕ್ಕೊಂದು, ಗಿಡದ ನಡುವಿನ ಜಾಗ ಹಾಗಲ್ಲ. ಹಂತ ಜಾಸ್ತಿ ಇರುವ ಲೆಕ್ಕದಲ್ಲಿ ಒಂದೊಂದು ಹಂತಕ್ಕೂ ನಿಂತು ನೋಡಬೇಕಾದ್ದು ಇದಕ್ಕೇ. ಹಾಗಂತ 538ರ ಬದಲು 528 ಬರೆದಿದ್ದರೆ ಯಾವ ಅಜ್ಜಿಗೂ ಗೊತ್ತಾಗುತ್ತಿರಲಿಲ್ಲ. ಅಂದಾಜಿಗೆ ಸಿಕ್ಕಿಬೀಳೋದು ದೊಡ್ಡ ಕಳ್ಳರು ಮಾತ್ರ.

ಭಾಗಾಕಾರ ಸರಿ ಬಂದರೂ ಉತ್ತರ ತಪ್ಪಬಹುದು. 1980ರ ದಶಕದ ಆರಂಭದಲ್ಲಿ ಅಮೆರಿಕದ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. 1,128 ಸೈನಿಕರು, ಬಸ್ಸಿಗೆ 36 ಜನ, ಬಸ್ಸೆಷ್ಟು ಬೇಕು? ಸುಮಾರು ನೂರಕ್ಕೆ 70 ಮಕ್ಕಳು ಭಾಗಾಕಾರ ಸರಿ ಮಾಡಿದರು. 32 ಬಸ್ಸು ಅಂದವರು ಕಾಲು ಭಾಗಕ್ಕಿಂತ ಕಮ್ಮಿ. ಅವರಿಗಿಂತ ಜಾಸ್ತಿ ಮಕ್ಕಳು "31, ಶೇಷ 12" ಅಂತ ಬರೆದು ಕೂತರು.

ಇದನ್ನು ಮಾಣಿಗೆ ಹೇಳಿದೆ. "ಮೂವತ್ತೊಂದೇ ಸಾಕಲ್ವಾ? ಬಸ್ಸಿಗೆ ಒಬ್ಬ ಕೂಡ ಜಾಸ್ತಿ ಬರಲ್ಲ. ನಿಂತ್ಕೊಂಡು ಹೋಗ್ಲಿ" ಅಂದ. ದಿನಾ ತೀರ್ಥಹಳ್ಳಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಶಾಲೆಗೆ ಹೋಗುವ ಹುಡುಗ. ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ.